ಜ್ವರಕ್ಕೆ ಬಯಾನಾ

ಬೀಮಾ ಏಜೆಂಟರು, ಅಂದರೆ ವಿಮೆಯವರು, ನಮ್ಮ ಮನೆಗೆ ಬಂದರೆ ನಾನು ಕುರ್ಚಿ ಕೊಡುತ್ತೇನೆ, ಚಹಾ ಕೊಡುತ್ತೇನೆ, ಅವರು ಹರಡುವ ಬಣ್ಣದ ಕಾಗದಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಓದುತ್ತೇನೆ. ಸಹಿ ಮಾಡುವ ಹೊತ್ತಿಗೆ ಮಾತ್ರ ಒಲೆಯ ಮೇಲೆ ಹಾಲು ಉಕ್ಕಿತೆಂದು ಒಳಗೆ ಹೋಗಿಬಿಡುತ್ತೇನೆ. ಎಷ್ಟೋ ಸಲ ಒಲೆಯ ಮೇಲೆ ಹಾಲೂ ಇರುವುದಿಲ್ಲ, ಒಲೆಯೂ ಹೊತ್ತಿರುವುದಿಲ್ಲ. ಊರ ಮಕ್ಕಳಿಗೆಲ್ಲ ಪಾಠ ಹೇಳುವ ಟೀಚರಮ್ಮ ಹೀಗೆ ಅಡುಗೆಮನೆಯಲ್ಲಿ ಅಡಗಿ ನಿಲ್ಲುವುದು ನಾಚಿಕೆಯ ಮಾತೇ ಸರಿ. ಇದರಲ್ಲಿ ಏಜೆಂಟರ ತಪ್ಪಿಲ್ಲ, ನನ್ನದೂ ಅಷ್ಟಾಗಿ ಇಲ್ಲ. ತಪ್ಪೆಲ್ಲ ನಮ್ಮ ಆಯಿಯದು, ಅಂದರೆ ನಮ್ಮಪ್ಪನ ತಾಯಿಯದು.

ನಮ್ಮದು ತೆಲಂಗಾಣದ ಗಡಿಯಲ್ಲಿ, ಮನೂರಿನ ಕಡೆಯ ಕನ್ನಡದ ಹಳ್ಳಿ. ಡಾಕ್ಟರನ್ನು ಕಾಣಬೇಕೆಂದರೆ ನಾರಾಯಣಖೇಡಕ್ಕೆ ಹೋಗಬೇಕು. ಅಲ್ಲಿಗೆ ಹೋಗುವ ಮೊದಲು ಆಯಿಯನ್ನು ದಾಟಿ ಹೋಗಬೇಕು, ಅದು ಇನ್ನೂ ಕಷ್ಟ. ಅಜವಾನ, ಹಿಂಗು, ಬೇವಿನ ತೊಗಟೆ, ಹಣೆಗೆ ವಿಭೂತಿ, ಇಷ್ಟರಲ್ಲೇ ಅವಳು ಮೂರು ತಲೆಮಾರನ್ನು ನಿಭಾಯಿಸಿದವಳು. ಅವಳ ಕಷಾಯ ಎಷ್ಟು ಕಹಿಯೆಂದರೆ ಅದನ್ನು ಕುಡಿಯಬೇಕಲ್ಲ ಎಂಬ ಭಯಕ್ಕೇ ನಮಗೆ ಅರ್ಧ ರೋಗಗಳು ಬರುತ್ತಿರಲಿಲ್ಲ. ಬಂದ ರೋಗವನ್ನೂ ನಾವು ಆದಷ್ಟು ಗುಟ್ಟಾಗಿ ಅನುಭವಿಸುತ್ತಿದ್ದೆವು.

ಎಪ್ಪತ್ತರ ದಶಕದ ಒಂದು ಜೂನಿನಲ್ಲಿ ನನಗೆ ಜಹೀರಾಬಾದಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. ನಮ್ಮೂರಲ್ಲಿ ಹತ್ತನೆಯದು ದಾಟಿದ ಮೊದಲ ಹೆಣ್ಣುಮಗಳು ನಾನು. ಅಪ್ಪ ಹೊರಗೆ ತೋರಿಸಿಕೊಳ್ಳದಿದ್ದರೂ ಹೊಸ ಟ್ರಂಕು ತಂದಿಟ್ಟಿದ್ದ, ಅದರ ಮೇಲೆ ನನ್ನ ಹೆಸರನ್ನೂ ಬರೆಸಿದ್ದ. ನಾನಂತೂ ಆಗಲೇ ಒಂದು ನೋಟುಬುಕ್ಕಿನ ತುಂಬ ಕಾಲೇಜು ಹುಡುಗಿಗೆ ತಕ್ಕ ಸಹಿಯನ್ನು ಅಭ್ಯಾಸ ಮಾಡಿ ಮುಗಿಸಿದ್ದೆ. ಕೊನೆಯ ಅಕ್ಷರದಿಂದ ಒಂದು ಬಾಲ ಎಳೆದು, ಅದನ್ನು ಹೆಸರಿನ ಕೆಳಗೆ ಎರಡು ಸುತ್ತು ಸುತ್ತಿ, ಚುಕ್ಕೆ ಇಡುತ್ತಿದ್ದೆ. ಅಂಥ ಬಿಂಕದಲ್ಲೇ ಒಂದು ಸಂಜೆ ಕಾಲೇಜಿನಿಂದ ಬಂದಿದ್ದ ತೆಲುಗಿನ ಫೀಸು ಪಟ್ಟಿಯನ್ನು ಎಲ್ಲರಿಗೂ ಕನ್ನಡದಲ್ಲಿ ಓದಿ ಹೇಳಲು ಕುಳಿತೆ.

"ಪುಸ್ತಕದ ಫೀಸ್ ಎದಕ?" ಎಂದಳು ಆಯಿ.

"ಪುಸ್ತಕ ಕೊಡತಾರ."

"ಆಟದ್ದು?"

"ಆಟ ಆಡಸ್ತಾರ."

"ಮತ್ತ ಈ ಬೀಮಾರ್ ಫೀಸ್?"

ನಾನು ಓದಿದ್ದು 'ವಿದ್ಯಾರ್ಥಿ ಆರೋಗ್ಯ ಬೀಮಾ' ಎಂದು. ಅವಳಿಗೆ ಕೇಳಿಸಿದ್ದು ಬೀಮಾರ್, ಅಂದರೆ ಕಾಯಿಲೆ. ಅವಳನ್ನೂ ಅನ್ನುವಂತಿಲ್ಲ. ನಮ್ಮ ಕಡೆ ಬೀಮಾರ್ ಬಿದ್ದವರು ಮನೆಗೊಬ್ಬರು ಇದ್ದರು, ಬೀಮಾ ಮಾಡಿಸಿದವರನ್ನು ಯಾರೂ ಕಂಡಿರಲಿಲ್ಲ. ಬೀಮಾ ಅಂದರೆ ಬೇರೆ, ಮುಂದೆ ಕಾಯಿಲೆ ಬಂದರೆ ಕಾಲೇಜಿನವರೇ ಡಾಕ್ಟರಿಗೆ ತೋರಿಸಲಿ ಎಂದು ಈಗಲೇ ಕಟ್ಟುವ ಹಣ ಎಂದು ನಾನು ಬಿಡಿಸಿ ಹೇಳಿದೆ. ಹೇಳಿದ್ದೇ ಕೆಟ್ಟಿತು.

"ಅಂದ್ರ ಜ್ವರಕ್ಕ ಬಯಾನಾ ಕೊಡಾದು," ಎಂದಳು ಆಯಿ.

ದನದ ಸಂತೆಯಲ್ಲಿ ಎತ್ತನ್ನು ಮೆಚ್ಚಿದವರು ಮೊದಲು ಕೈಯಲ್ಲಿಡುವ ಮುಂಗಡಕ್ಕೆ ನಮ್ಮಲ್ಲಿ ಬಯಾನಾ ಎನ್ನುತ್ತಾರೆ. ಬಯಾನಾ ಕೊಟ್ಟ ಮೇಲೆ ಎತ್ತು ನಿಮ್ಮದು. ಇವತ್ತಲ್ಲದಿದ್ದರೆ ನಾಳೆ ಅದು ನಿಮ್ಮ ಕೊಟ್ಟಿಗೆಗೆ ಬಂದೇ ಬರುತ್ತದೆ. ಆಯಿಯ ಲೆಕ್ಕ ನೇರವಾಗಿತ್ತು: ಪುಸ್ತಕಕ್ಕೆ ಕೊಟ್ಟರೆ ಪುಸ್ತಕ ಬರುತ್ತದೆ, ಆಟಕ್ಕೆ ಕೊಟ್ಟರೆ ಆಟ ಬರುತ್ತದೆ, ಕಾಯಿಲೆಗೆ ಕೊಟ್ಟರೆ ಇನ್ನೇನು ಬರಬೇಕು? "ಆ ಪೈಸಾ ಕಟ್ಟಬೇಕಂದ್ರ ಹುಡುಗಿ ಹೋಗಾದೇ ಬ್ಯಾಡ," ಎಂದು ಹೇಳಿ ಟ್ರಂಕಿನ ಮೇಲೆ ಕುಳಿತುಬಿಟ್ಟಳು. ಅಪ್ಪ ನನ್ನ ಮುಖ ನೋಡಿದ, ಅವ್ವ ಸೊಸೆಯಾದ್ದರಿಂದ ನೆಲ ನೋಡಿದಳು. ಆಯಿಯ ಮಾತು ಮೀರುವ ಅಭ್ಯಾಸ ಅಪ್ಪನಿಗೆ ಇರಲಿಲ್ಲ. "ಆಯಿ ಹೂಂ ಅಂದ್ರ ಹೋಗವ್ವ," ಎಂದು ಎದ್ದುಹೋದ. ಫೀಸು ಕಟ್ಟಲು ನಾಲ್ಕು ದಿನ ಉಳಿದಿತ್ತು. ಆ ರಾತ್ರಿ ನಾನು ಸಹಿಯ ನೋಟುಬುಕ್ಕನ್ನು ದಿಂಬಿನ ಕೆಳಗಿಟ್ಟುಕೊಂಡು ಚೆನ್ನಾಗಿ ಅತ್ತೆ.

ಮಾರನೆಯ ದಿನ ಪಟ್ಟಿಯನ್ನು ಮತ್ತೆ ಓದಿದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು. ಬೇರೆ ವ್ಯವಸ್ಥೆ ಇದ್ದವರು ಪೋಷಕರನ್ನು ಕರೆತಂದು, ಅರ್ಜಿ ಕೊಟ್ಟು, ಈ ಫೀಸನ್ನು ಮಾಫಿ ಮಾಡಿಸಿಕೊಳ್ಳಬಹುದು. ಅದನ್ನೂ ಓದಿ ಹೇಳಿದೆ. ಅಪ್ಪನಿಗೆ ಬಿತ್ತನೆಯ ಕೆಲಸ, ಬರುವಂತಿರಲಿಲ್ಲ. ಆಯಿ ಸೀರೆ ಬದಲಿಸಿ ಹಣೆಗೆ ವಿಭೂತಿ ಬಳಿದುಕೊಂಡಳು. "ದವಾ ಕೊಡಾಕಿ ನಾನು, ಬರಾಕಿನೂ ನಾನೇ," ಎಂದಳು.

ಕಾಲೇಜಿನ ಗುಮಾಸ್ತರು ಮೂರು ಭಾಷೆಯನ್ನೂ ಒಂದೇ ಬಾಯಲ್ಲಿ ಕಲಸಿ ಮಾತಾಡುವ, ವಯಸ್ಸಾದ, ನಿಧಾನದ ಮನುಷ್ಯ. "ಬೀಮಾರ್ ನೈ ಅಮ್ಮಾ, ಬೀಮಾ," ಎಂದು ಎರಡು ಸಲ ಹೇಳಿ ನೋಡಿದರು. ಆಯಿ ಎರಡು ಸಲವೂ "ಅದೇ ರೀ, ಅದೇ ಬ್ಯಾಡ ಅಂತೀನಿ" ಎಂದಳು. ಅವರು ಸೋತು ಅರ್ಜಿ ತೆಗೆದರು. ಅದರಲ್ಲಿ ಮೂರು ಪ್ರಶ್ನೆಗಳಿದ್ದವು.

"ಈ ಹುಡುಗಿಗಿ ಆರಾಮ್ ತಪ್ಪಿದ್ರ ಜವಾಬ್ದಾರಿ ಯಾರದು?"

"ನಂದು."

"ಇಂತಜಾಮ್ ಏನ್ ಅದ?"

"ನಾ ಅದೀನಲ್ರಿ."

ಗುಮಾಸ್ತರು ತಲೆ ಎತ್ತಿ ಅವಳನ್ನು ಒಮ್ಮೆ ನೋಡಿದರು. ನಂತರ 'ವ್ಯವಸ್ಥೆ' ಎಂಬುದರ ಮುಂದೆ 'ಅಜ್ಜಿ' ಎಂದು ಬರೆದರು.

"ಈ ಇಂತಜಾಮ್ ಎಲ್ಲೀತನ?"

"ನಾ ಇರೋತನ."

ಅರ್ಜಿಯ ಕೆಳಗೆ ಮೊದಲು ನಾನು ಸಹಿ ಮಾಡಬೇಕಿತ್ತು. ಬಾಲ ಎಳೆದು, ಎರಡು ಸುತ್ತು ಸುತ್ತಿ, ಚುಕ್ಕೆ ಇಟ್ಟೆ. ಆಯಿ ಬಗ್ಗಿ ನೋಡಿ, "ಕೋಳಿ ಕೆದರ್ದಂಗ ಅದ. ಇದ್ನ ಯಾರ್ ಬೇಕಾದ್ರೂ ಮಾಡ್ತಾರ," ಎಂದಳು. ತನ್ನ ಹೆಬ್ಬೆರಳನ್ನು ಮಸಿಗೆ ಒತ್ತಿ, ಕಾಗದದ ಮೇಲೆ ಊರಿ, ಮೇಲೆತ್ತಿ ತೋರಿಸಿದಳು. "ಇದು ನೋಡ್. ನಂದು ನಂಗೇ ಅದ, ಮತ್ತೊಬ್ಬರಿಗಿ ಇಲ್ಲ." ಗುಮಾಸ್ತರು ಮಸಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಅವಳು ಬೇಡವೆಂದಳು. ಮನೆಗೆ ಹೋಗಿ ಮಗನಿಗೆ ತೋರಿಸಬೇಕಿತ್ತು.

ಹೀಗೆ ನಾನು ಕಾಲೇಜು ಸೇರಿದೆ. ಮುಂದೆ ಜಹೀರಾಬಾದಿನ ಒಬ್ಬ ಹಳೆಯ ಉರ್ದು ಮಾಸ್ತರರಿಗೆ ಈ ಕಥೆ ಹೇಳಿದಾಗ ಅವರು ನಗಲಿಲ್ಲ. ಬೀಮ್ ಎಂದರೆ ಫಾರಸಿಯಲ್ಲಿ ಭಯ, ಬೀಮಾ ಎಂಬ ಮಾತು ಅಲ್ಲಿಂದಲೇ ಬಂದದ್ದು ಎಂದರು. ಬೀಮಾರ್ ಕೂಡ ಅದೇ ಮನೆಯದೇ ಎಂದು ಕೇಳಿದರೆ, ಹಾಗೆ ಹೇಳುವವರೂ ಇದ್ದಾರೆ, ನಾನು ಪ್ರಮಾಣ ಮಾಡಲಾರೆ ಎಂದು ಮೀಸೆ ನೀವಿಕೊಂಡರು. ನನಗೆ ಅಷ್ಟೇ ಸಾಕಾಗಿತ್ತು. ನಾವು ಓದಿದವರು ಭಯಕ್ಕೆ ಕಂತು ಕಟ್ಟುತ್ತೇವೆ, ಆಯಿ ಭಯವನ್ನು ಸೀದಾ ಬೈದು ಕಳಿಸುತ್ತಿದ್ದಳು. ಎರಡರಲ್ಲಿ ಯಾವುದು ಶಾಸ್ತ್ರೀಯ ಎಂದು ನನ್ನನ್ನು ಕೇಳಬೇಡಿ.

ಬಯಾನಾ ಕೊಡದಿದ್ದರೂ ಕಾಯಿಲೆ ಬಂತು. ಎರಡನೆಯ ವರ್ಷ ನನಗೆ ಕಾಮಣಿ ಆಗಿ ಕಣ್ಣು ಅರಿಸಿನವಾಯಿತು. ಆಯಿಗೆ ತಿಳಿದರೆ ಓದು ಬಿಡಿಸಿ ಕರೆದೊಯ್ಯುತ್ತಾಳೆಂದು ಹೆದರಿ ನಾಲ್ಕು ದಿನ ಮುಸುಕು ಹಾಕಿ ಮಲಗಿದೆ. ಐದನೆಯ ದಿನ ಹಾಸ್ಟೆಲಿನ ಗೆಳತಿ ನಮ್ಮೂರ ಕಡೆಯ ಬಸ್ಸಿನ ಕಂಡಕ್ಟರನ ಬಳಿ ಸುದ್ದಿ ಕಳಿಸಿದಳು. ಮಧ್ಯಾಹ್ನದ ಬಸ್ಸಿಗೆ ಆಯಿ ಗಂಟು ಹೊತ್ತು ಬಂದಿಳಿದಳು. ಕಣ್ಣು ಬಿಡಿಸಿ ನೋಡಿದಳು, ಹಣೆ ಮುಟ್ಟಿದಳು. ಅಳಲಿಲ್ಲ, ಸಿಟ್ಟಾದಳು.

"ನಾಕ್ ದಿನ ಆತು, ಹೇಳಿಲ್ಲ. ನನ್ನ ಹೆಬ್ಬಟ್ಟು ಸುಳ್ಳು ಮಾಡ್ದಿ ನೀ."

ಓದು ಬಿಡಿಸುವ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ. ಬೇವಿನ ತೊಗಟೆಯ ಗಂಟನ್ನೂ ಬಿಚ್ಚಲಿಲ್ಲ. ಸೀದಾ ಪೇಟೆಯ ಡಾಕ್ಟರರ ಬಳಿಗೆ ನಡೆಸಿಕೊಂಡು ಹೋಗಿ ಸೆರಗಿನ ಗಂಟು ಬಿಚ್ಚಿದಳು. ನಾನು ಬೆರಗಾಗಿ ನೋಡಿದ್ದಕ್ಕೆ, "ದವಾಖಾನಿ ಬ್ಯಾಡ ಅಂತ ಆ ಕಾಗದದಾಗ ಬರ್ಸಿಲ್ಲಲ್ಲ," ಎಂದಳು. ಹನ್ನೊಂದು ದಿನ ನನ್ನ ಮಂಚದ ಪಕ್ಕ ನೆಲದ ಮೇಲೆ ಮಲಗಿದಳು. ನಾನು ಹೊರಳಿದರೆ ಏಳುತ್ತಿದ್ದಳು, ಕೆಮ್ಮಿದರೆ ಏಳುತ್ತಿದ್ದಳು, ಏನೂ ಮಾಡದೆ ಸುಮ್ಮನಿದ್ದರೆ ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನೋಡಲು ಏಳುತ್ತಿದ್ದಳು. ಆ ಫೀಸು ಕಟ್ಟಿದ್ದರೆ ಅದೇ ಡಾಕ್ಟರು ನನ್ನನ್ನು ಬಿಟ್ಟಿಯಾಗಿ ನೋಡುತ್ತಿದ್ದರು ಎಂಬ ಸಂಗತಿಯನ್ನು ನಾನು ಅವಳಿಗೆ ಯಾವತ್ತೂ ಹೇಳಲಿಲ್ಲ. ಧೈರ್ಯವಿರಲಿಲ್ಲ ಎಂದುಕೊಳ್ಳಿ. ಮನಸ್ಸೂ ಇರಲಿಲ್ಲ.

ಎಂಬತ್ತರ ದಶಕ ಬರುವಷ್ಟರಲ್ಲಿ ನಾನು ಟೀಚರಾಗಿದ್ದೆ, ಆಯಿಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಆಗಬೇಕೆಂದರು. ಜಹೀರಾಬಾದಿನ ಒಂದು ಆಸ್ಪತ್ರೆಯಲ್ಲಿ ಅವಳನ್ನು ಮಂಚದ ಮೇಲೆ ಕೂರಿಸಿದಾಗ ಸೆರಗಿನ ಗಂಟನ್ನು ಬಿಚ್ಚುತ್ತ ಮತ್ತೆ ಕಟ್ಟುತ್ತ ಇದ್ದಳು. ಆಯಿ ಹೆದರಿದ್ದನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ, ಕಂಡು ನನಗೇ ಭಯವಾಯಿತು. ನರ್ಸಮ್ಮ ಅರ್ಜಿ ತಂದರು. ಜವಾಬ್ದಾರರು ಯಾರು ಎಂಬಲ್ಲಿ ನನ್ನ ಹೆಸರು ಬರೆದು, ಬಾಲ ಎಳೆದು, ಎರಡು ಸುತ್ತು ಸುತ್ತಿ ಸಹಿ ಮಾಡಿದೆ. ಆಪರೇಷನ್ನಿಗೆ ಕರೆದೊಯ್ಯಲು ಬಂದರೆ ಆಯಿ ಮಂಚದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ನನ್ನ ಜವಾಬ್ದಾರಿ ಯಾರು ಬರ್ದು ಕೊಟ್ಟಾರ?"

"ನಾನೇ ಆಯಿ."

"ಕೈ ತಾ."

ಕೊಟ್ಟೆ. ಕಣ್ಣು ಕಾಣದ ಆಯಿ ನನ್ನ ಹೆಬ್ಬೆರಳನ್ನು ತನ್ನ ಬೆರಳುಗಳಿಂದ ತಡವಿದಳು. ಒಣಗಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದಳು, ಮಸಿಯ ವಾಸನೆಯೂ ಇರಲಿಲ್ಲ.

"ಕೋಳಿ ಕೆದರ್ಸಿ ಬಂದಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಣ್ಣ ಮಗುವಿನ ದನಿಯಾಗಿತ್ತು.

ನಾನು ನರ್ಸಮ್ಮನಿಂದ ಅರ್ಜಿಯನ್ನೂ ಮಸಿಯ ಡಬ್ಬಿಯನ್ನೂ ಕೇಳಿ ತಂದೆ. ಅವರು ನನ್ನ ಸಹಿಯನ್ನೂ ನನ್ನನ್ನೂ ನೋಡಿ, "ಮೀರು ಟೀಚರ್ ಕದಾ?" ಎಂದು ತೆಲುಗಿನಲ್ಲಿ ಕೇಳಿದರು. ಹೌದು, ಟೀಚರೇ ಎಂದೆ. ಆಯಿ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಂತೆಯೇ ಹೆಬ್ಬೆರಳನ್ನು ಮಸಿಗೊತ್ತಿ, ಸಹಿಯ ಪಕ್ಕ ಕಾಗದದ ಮೇಲೆ ಊರಿದೆ. ಅವಳು ಮತ್ತೆ ತಡವಿದಳು. ಅವಳ ಬೆರಳಿಗೂ ಮಸಿ ಹತ್ತಿತು.

"ಎಲ್ಲೀತನ?" ಎಂದಳು.

ಆಸ್ಪತ್ರೆಯ ಕಾಗದದಲ್ಲಿ ಆ ಪ್ರಶ್ನೆ ಇರಲಿಲ್ಲ.

"ನಾ ಇರೋತನ," ಎಂದೆ.

ಆಯಿ ಮಂಚದ ಪಟ್ಟಿ ಬಿಟ್ಟಳು. ಸೆರಗು ಸರಿಮಾಡಿಕೊಂಡು, "ಈಗ ನಡೀರಿ," ಎಂದಳು. ಆಪರೇಷನ್ ಚೆನ್ನಾಗಿಯೇ ಆಯಿತು. ನನ್ನ ಹೆಬ್ಬೆರಳಿನ ಮಸಿ ಹೋಗಲು ಎರಡು ದಿನ ಹಿಡಿಯಿತು, ನಾನೂ ತಿಕ್ಕಿ ತೊಳೆಯಲು ಹೋಗಲಿಲ್ಲ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಆಯಿ ಮೊದಲು ನೋಡಲು ಕೇಳುವುದು ಅದನ್ನೇ ಎಂದು ನನಗೆ ಗೊತ್ತಿತ್ತು.