ದಮ್ಮು ಅಂದರೆ ಬೀಡಿಯಲ್ಲ

ಪಕ್ಕದ ಮನೆಯಣ್ಣನ ಕಣ್ರೆಪ್ಪೆಗಳು ಸದಾ ಬೆಳ್ಳಗಿರುತ್ತಿದ್ದವು. ಎಷ್ಟು ತೊಳೆದರೂ ಗ್ರಾನೈಟ್ ಪುಡಿ ಹೋಗುತ್ತಿರಲಿಲ್ಲ. ರಾಯಚೂರು ಕಡೆಯಿಂದ ಬಂದು, ಕೆ.ಆರ್. ಪುರದಲ್ಲಿ ನಮ್ಮ ಗೋಡೆಗಂಟಿದ ಬಾಡಿಗೆ ಕೋಣೆಯಲ್ಲಿ ಹೆಂಡತಿಯೊಡನೆ ಇದ್ದ. ಕಲ್ಲು ಕೊಯ್ದು ಪಾಲಿಶ್ ಮಾಡುವ ಕೆಲಸ. ಇಂದಿರಾನಗರದ ಎಷ್ಟು ಅಡುಗೆಮನೆಗಳಲ್ಲಿ ಅವನು ಉಜ್ಜಿದ ಕಲ್ಲು ಮಿರಮಿರ ಮಿಂಚುತ್ತಿದೆಯೋ! ನನ್ನ ಹೊಲಿಗೆ ಮಿಷಿನ್ನಿನ ಪಕ್ಕ ಇಸ್ತ್ರಿಗೆಂದು ಒಂದು ತುಂಡನ್ನು ತಾನೇ ಕೂರಿಸಿಕೊಟ್ಟು, "ಚಾ ಕೊಡ್ರಿ ಅಕ್ಕಾರ, ಸಾಕು" ಅಂದ. ಬೀಡಿಯ ಹೊಗೆ ಅವನಿಗೆ ಕಂಡರಾಗದು. ಟೀ ಅಂಗಡಿಯಲ್ಲಿ ಲೋಟ ಹಿಡಿದು ರಸ್ತೆಯಾಚೆ ಹೋಗಿ ನಿಲ್ಲುವನು.

ಉಸಿರು ಕಟ್ಟತೊಡಗಿದಾಗ ಕಾರ್ಖಾನೆಯ ಮಾಲೀಕ ತನ್ನ ಪರಿಚಯದ ಡಾಕ್ಟರ ಬಳಿ ಕಳಿಸಿದ. ರೋಗ ಕಲ್ಲಿನ ಧೂಳಿನದೆಂದಾದರೆ ಪರಿಹಾರ, ಚಿಕಿತ್ಸೆ ಎರಡೂ ಮಾಲೀಕನ ತಲೆಗೆ. ಜೊತೆಗೆ ನಾನೇ ಹೋದೆ.

ಏನು ತೊಂದರೆ ಅಂದದ್ದಕ್ಕೆ ಇವನು ದಮ್ಮು ಅಂದ. ಅವನೂರಲ್ಲಿ ದಮ್ಮು ಅಂದರೆ ಉಬ್ಬಸ. ನಮ್ಮ ಬೆಂಗಳೂರಲ್ಲಿ ದಮ್ ಹೊಡೆಯುವುದೆಂದರೆ ಸೇದುವುದು.

"ದಿನಕ್ಕೆ ಎಷ್ಟು?" ಅಂದರು ಡಾಕ್ಟರು.

"ಲೆಕ್ಕಾ ಇಲ್ರಿ. ಮುಂಜಾನೆ ಎದ್ದ ಕೂಡ್ಲೇ ಶುರು."

ಹಾಗಲ್ಲ ಸಾರ್ ಅಂತ ನಾನು ಬಾಯಿ ತೆಗೆದರೆ, ಪೇಷೆಂಟ್ ಮಾತಾಡಲಿ ಅಂತ ಗದರಿದರು. ಆಮೇಲೆ ಉಸಿರು ಅಳೆಯುವ ಮಿಷಿನ್ನಿನ ಕೊಳವೆ ಕೊಟ್ಟು, ಊದಿ, ಇನ್ನೂ ಊದಿ ಅಂತ ಊದಿಸಿದರು. ಪ್ರತಿ ಸಲವೂ ಕೆಮ್ಮಿ ಕುಸಿದ. ಶ್ವಾಸಕೋಶದ ಶಕ್ತಿ ಅರ್ಧವೂ ಉಳಿದಿಲ್ಲವೆಂದು ಮಿಷಿನ್ ಸರಿಯಾಗಿಯೇ ತೋರಿಸಿತು. ಕಾರಣ ಬೀಡಿ ಅಂತ ಬರೆದವರು ಡಾಕ್ಟರು. ಬಟ್ಟೆಯ ತುಂಬ ಕಲ್ಲಿನ ಪುಡಿ ಹೊತ್ತು ಎದುರಿಗೆ ಕೂತವನನ್ನು ಒಮ್ಮೆ ಕಣ್ಣೆತ್ತಿ ನೋಡಬಾರದಿತ್ತೇ? ನೆನೆದರೆ ಈಗಲೂ ಮೈ ಉರಿಯುತ್ತದೆ.

ಮತ್ತೆ ಹೋಗಿ ಜಗಳವಾಡಿದೆ. ಆ ಕಡೆಯ ಮಾತು ಹೀಗೆ ಅಂತ ಬಿಡಿಸಿ ಹೇಳಿದೆ. "ಕನ್ನಡ ನನಗೂ ಬರುತ್ತಮ್ಮ" ಅಂದರು! ಮಾಲೀಕನಿಗೆ ಅಷ್ಟೇ ಬೇಕಿತ್ತು, ಕೈ ತೊಳೆದುಕೊಂಡ. ಅಣ್ಣನೇ ನನ್ನನ್ನು ಸಮಾಧಾನ ಮಾಡಿದ, ತಾನೇ ಏನೋ ತಪ್ಪು ಮಾತಾಡಿದೆ ಅಂತ. ತನ್ನ ಕಾಯಿಲೆಯನ್ನು ತನ್ನ ಕನ್ನಡದಲ್ಲಿ ಹೇಳಿಕೊಂಡದ್ದು ತಪ್ಪೇ?

ಆ ಬೇಸಿಗೆಯಲ್ಲೇ ತೀರಿಕೊಂಡ. ಹಾರ ಹಿಡಿದು ಬಂದ ಮಾಲೀಕ, ಬೀಡಿ ಬಿಡು ಅಂತ ಎಷ್ಟು ಹೇಳಿದರೂ ಕೇಳಲಿಲ್ಲ ಅಂತ ನೆರೆದವರ ಮುಂದೆ ಲೊಚಗುಟ್ಟಿದ. ಹೆಣದ ಪಕ್ಕ ಕೂತಿದ್ದ ಹೆಂಡತಿ ತಲೆಯೆತ್ತಿದಳು.

"ಬೀಡಿ ಮುಟ್ಟಿದವರಲ್ರಿ ಅವರು. ನಿಮ್ಮ ಕಲ್ಲ ಸೇದಿ ಸತ್ತಾರ."

ಹಾರ ಅವನ ಕೈಯಲ್ಲೇ ಉಳಿಯಿತು. ಹಾಕಲು ನಾವು ಬಿಡಲಿಲ್ಲ.