ಬಾವಿ ಮುಚ್ಚಲು ಒಂಬತ್ತು ಸಹಿ

ಸಿಟ್ಟು ಆರಿದ ಮೇಲೆ ಬರೆಯಬೇಕು ಎನ್ನುತ್ತಾರೆ. ಹಾಗೆ ಕಾದರೆ ಇದನ್ನು ನಾನು ಬರೆಯುವುದೇ ಇಲ್ಲ. ಎಂಬತ್ತರ ದಶಕದ ಮೊದಮೊದಲಿಗೆ ನಡೆದದ್ದು. ಈಗಲೂ ನೆನಪಾದರೆ ಸೌಟು ಹಿಡಿದ ಕೈ ಬಿಗಿಯುತ್ತದೆ.

ಹೊನ್ನಾವರದಲ್ಲಿ ಬಂದರಿಗೆ ಹೋಗುವ ದಾರಿಯಲ್ಲಿ ಹನ್ನೆರಡು ಮಳಿಗೆಗಳ ಒಂದು ಕಟ್ಟಡ. ಮಳಿಗೆಗೊಬ್ಬ ಮಾಲೀಕ. ಅಂಗಳ, ಮೆಟ್ಟಿಲು, ಬಾವಿ ಮಾತ್ರ ಎಲ್ಲರಿಗೂ ಸೇರಿದ್ದು. ಆರನೇ ನಂಬರು ನನ್ನದು, ಮೀನೂಟದ ಖಾನಾವಳಿ. ಹೊಳೆ ಬದಿಯ ಬಾವಿಗಳೆಲ್ಲ ಬೇಸಿಗೆಯಲ್ಲಿ ಉಪ್ಪಾಗುತ್ತಿದ್ದವು, ನಮ್ಮ ಅಂಗಳದ್ದೊಂದು ಸಿಹಿಯಾಗಿಯೇ ಇರುತ್ತಿತ್ತು. ಆ ನೀರು ನೋಡಿಯೇ ನಾನು ಆ ಮಳಿಗೆ ಕೊಂಡದ್ದು. ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾವಿ ಹೋದರೆ ನನ್ನ ಒಲೆಯೂ ಆರಿದ ಹಾಗೆ.

ನಾನು ಬಂದರಿನ ದಕ್ಕೆಯ ಮೇಲೆ ಅನ್ನ ಸಾರು ಹೊತ್ತು ಮಾರಿ ಮೇಲೆ ಬಂದವಳು. ಶಾಲೆ ಏಳನೇ ಇಯತ್ತೆಗೆ ಮುಗಿದಿತ್ತು, ಚೌಕಾಸಿ ಮಾತ್ರ ಯಾರೂ ಕಲಿಸದೆ ಬಂದಿತ್ತು. ಕಿವಿರು ಎತ್ತಿ ನೋಡದೆ ಒಂದು ಬಂಗಡೆಯನ್ನೂ ಕೊಂಡವಳಲ್ಲ. ಅಂಥವಳು ಹಾಳೆಯ ಮೇಲೆ ಎಂತ ಬರೆದಿದೆ ಎಂದು ನೋಡದೆ ಸಹಿ ಹಾಕಿದೆ.

ಮಾಲೀಕರ ಸಂಘದ ಕಾರ್ಯದರ್ಶಿ ಒಬ್ಬ ನಿವೃತ್ತ ಮಾಸ್ತರರು. ಮೊದಲ ನಂಬರಿನಲ್ಲಿ ಅವರದು ಪಾಟಿ ಪುಸ್ತಕದ ಅಂಗಡಿ. ವರ್ಷಕ್ಕೊಂದು ಸಭೆ, ಮಧ್ಯಾಹ್ನ, ಸರಿಯಾಗಿ ನನ್ನ ಗಿರಾಕಿಗಳ ಹೊತ್ತಿಗೆ. ನಾಲ್ಕು ಜನ ಕೂತು ಚಾ ಕುಡಿದು ಏಳುತ್ತಿದ್ದರು. ಮಾರನೇ ದಿನ ಸಂಘದ ಸಿಪಾಯಿ ಹಾಜರಿ ಪುಸ್ತಕ ಹಿಡಿದು ಅಂಗಡಿಯಿಂದ ಅಂಗಡಿಗೆ ಬರುತ್ತಿದ್ದ. ಬಾರದವರೂ ಸಹಿ ಹಾಕುತ್ತಿದ್ದರು. ಕೋರಂ ಆಗದಿದ್ದರೆ ಮತ್ತೆ ಸಭೆ ಕರೆಯಬೇಕು, ಯಾರಿಗೆ ಬೇಕು ಆ ಕಾಟ? ಹೀಗೆ ಐದು ವರ್ಷ ನಡೆದಿತ್ತು.

ಆ ವರ್ಷ ಸಿಪಾಯಿ ಸಭೆಗೆ ಮೂರು ದಿನ ಮೊದಲೇ ಬಂದ. ನಾನು ಮೀನಿಗೆ ಖಾರ ಸವರುತ್ತಿದ್ದೆ.

"ಅಕ್ಕಾ, ಒಂದು ಸಹಿ."

"ಎಂತಕ್ಕೆ?"

"ನೋಟೀಸು ಮುಟ್ತು ಅಂತ. ಅಂಗಳ ಸುಧಾರಣೆ ಅಂತೆ."

"ಅಂಗಳ ಗುಡಿಸೂಕೆ ಸಭೆ ಬೇಕಾ? ಕೊಡು ಮಾರಾಯಾ, ಎಣ್ಣೆ ಕಾದು ಹೋತು."

ಕೈ ಒರೆಸಿಕೊಳ್ಳಲೂ ಇಲ್ಲ. ಪುಸ್ತಕ ಹಿಡಿದು ಸಹಿ ಎಳೆದೆ, ಹೆಬ್ಬೆರಳಿನ ಖಾರ ಪಕ್ಕದಲ್ಲಿ ಅಂಟಿತು. ಹಾಳೆಯ ನೆತ್ತಿ ಖಾಲಿ ಇತ್ತು. ಅದನ್ನು ನೋಡಿದೆ, ಮರೆತೆ.

ಸಭೆಯ ದಿನ ನಾನು ಕುಮಟೆಯಲ್ಲಿದ್ದೆ, ಅಕ್ಕನ ಮಗಳ ಹೆರಿಗೆಗೆ. ಎರಡು ದಿನ ಬಿಟ್ಟು ಬಂದು ನೋಡುತ್ತೇನೆ, ಬಾವಿಯ ಪಕ್ಕ ಚಿರೆಕಲ್ಲಿನ ರಾಶಿ. ಗೌಂಡಿ ಹಗ್ಗ ಹಿಡಿದು ಅಳೆಯುತ್ತಿದ್ದಾನೆ.

"ಎಂತದಾ ಇದು?"

"ಬಾವಿ ಮುಚ್ಚಿ ಎರಡು ಮಳಿಗೆ ಕಟ್ಟಿ ಬಾಡಿಗೆಗೆ ಕೊಡೂದಂತೆ ಅಕ್ಕಾ. ಮಾಸ್ತರ್ರು ಹೇಳ್ರು."

ಮಾಸ್ತರರ ಅಂಗಡಿಗೆ ಹೋದೆ. ಅವರು ಕನ್ನಡಕ ಒರೆಸುತ್ತ, ದಡ್ಡ ಹುಡುಗಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದರು: "ಎಂತ ಮಾರಾಯ್ತಿ, ನೀನೇ ಒಪ್ಪಿದ್ದಲ್ದಾ? ಎಲ್ಲರದ್ದೂ ಆದ ಜಾಗ ಬದಲು ಮಾಡೂಕೆ ಎಂಟು ಮತ ಸಾಕು. ಒಂಬತ್ತು ಜನ ಹಾಜರು, ಒಂಬತ್ತೂ ಒಮ್ಮತ."

ಪುಸ್ತಕ ತೋರಿಸಿದರು. ನೆತ್ತಿಯ ಮೇಲೆ ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ 'ಹಾಜರಿದ್ದ ಸದಸ್ಯರು'. ಕೆಳಗೆ ಒಂಬತ್ತು ಸಹಿ. ಐದನೆಯದರ ಪಕ್ಕ ನನ್ನ ಖಾರದ ಕಲೆ. ನನ್ನ ಬಾವಿ ಮುಚ್ಚುವುದಕ್ಕೆ ನನ್ನದೇ ಮತ! ಬೈಯಲು ಬಾಯಿ ತೆರೆದೆ. ಆದರೆ ಒಂದು ಮಾತು ಹೇಳುತ್ತೇನೆ, ಕೇಳಿ: ಕಾಗದದ ಜಗಳದಲ್ಲಿ ಮೊದಲು ಕಣ್ಣು ಬಿಡಬೇಕು, ಬಾಯಿ ಆಮೇಲೆ. ಆ ಹಾಳೆಯನ್ನು ಮೀನು ನೋಡುವ ಹಾಗೆ ನೋಡಿದೆ. ಮೊದಲ ಆರು ಸಹಿ ಅಂಗಡಿ ಸಾಲಿನಲ್ಲೇ ಇದ್ದವು: ಒಂದು, ಎರಡು, ಮೂರು, ಐದು, ಆರು, ಎಂಟು. ಆಮೇಲೆ ಮಿರ್ಜಾನದ ಮಾಲೀಕರು, ಭಟ್ಕಳದವರು, ಕೊನೆಗೆ ಬೆಳಕೆಯವರು. ಸಭೆಗೆ ಜನ ಹೀಗೆ ಬರುತ್ತಾರೆಯೇ? ಇದು ಸಿಪಾಯಿ ನಡೆದ ದಾರಿ, ಆಮೇಲೆ ಅವನು ಹತ್ತಿದ ಬಸ್ಸಿನ ದಾರಿ.

ಗೌಂಡಿಗೆ ಹೊಟ್ಟೆ ತುಂಬ ಊಟ ಹಾಕಿದೆ. "ಬರೂ ಆಯ್ತವಾರದವರೆಗೆ ಒಂದು ಕಲ್ಲೂ ಬಾವಿಗೆ ಬೀಳೂಕಾಗ. ಬಿತ್ತು ಅಂದ್ರೆ ಹಿಂದೇ ನಾನೂ ಬೀಳ್ತೆ" ಎಂದೆ. ಅವನು ಹೆದರಿದ. ಮರುದಿನ ಭಟ್ಕಳದ ಬಸ್ಸು ಹತ್ತಿದೆ.

ಹತ್ತನೇ ನಂಬರಿನ ಮಾಲೀಕರು ಭಟ್ಕಳದಲ್ಲಿ ಬಟ್ಟೆ ವ್ಯಾಪಾರದ ಸಾಹೇಬರು. ವಿಷಯ ಕೇಳಿ ನಕ್ಕೇಬಿಟ್ಟರು.

"ಮೀಟಿಂಗಿನ ದಿನ ನಾನು ಮುಂಬಯಿಯಲ್ಲಿ ಇದ್ದೆ ಬೆಹೆನ್. ಅಲ್ಲಿಂದಲೇ ಕೈ ಎತ್ತಿದೆನಾ?"

"ನಿಮ್ಗೆ ನಗೆ ಸಾಹೇಬ್ರೆ. ನಂಗೆ ನೀರು."

ಅವರ ನಗು ನಿಂತಿತು. ಐವರು ಮಾಲೀಕರು ಬರೆದುಕೊಟ್ಟರೆ ಮತ್ತೆ ಸಭೆ ಕರೆಯಲೇಬೇಕು ಎಂಬುದು ಸಂಘದ ನಿಯಮ. ಸಾಹೇಬರು ಬರೆದುಕೊಟ್ಟರು. ಬೆಳಕೆಯವರು ಕೊಟ್ಟರು. ತಿರುಗಿ ಬಂದು ಮಿರ್ಜಾನಕ್ಕೆ ಹೋದೆ. ಅಲ್ಲಿಯವರು "ನಾ ಓದ್ಲೇ ಇಲ್ಲೆ" ಎಂದು ತಲೆ ತಗ್ಗಿಸಿ ಕೊಟ್ಟರು. ಎಂಟನೇ ನಂಬರಿನ ದರ್ಜಿ ನಾಲ್ಕನೆಯವ. ಐದನೆಯದು ನನ್ನದು, ಈ ಸಲ ಕೈ ತೊಳೆದು, ಎರಡು ಸಲ ಓದಿ.

ಆಯ್ತವಾರ ಹತ್ತು ಜನ ಮಾಲೀಕರು ಸೇರಿದರು. ಅಂಗಡಿ ಸಾಲಿನ ಕಥೆ ಹೇಳಿದೆ, ಖಾರದ ಕಲೆ ತೋರಿಸಿದೆ. ಸಾಹೇಬರು ಮುಂಬಯಿಯ ಬಸ್ಸು ಟಿಕೇಟು ಮೇಜಿನ ಮೇಲಿಟ್ಟರು. ಮಾಸ್ತರರು ಅಲುಗಲಿಲ್ಲ. ಒಳಗಿನಿಂದ ಹಳೆಯ ಹಾಜರಿ ಪುಸ್ತಕ ತಂದು, ಎಂಜಲು ಹಚ್ಚಿ ಹಾಳೆ ತಿರುಗಿಸಿದರು.

"ಇದು ಯಾರ ಸಹಿ? ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು? ಐದು ವರ್ಷ ನೀನು ಬಾರದೇ ಹಾಜರಿ ಹಾಕಿದ್ದೆ. ಆವಾಗ ಬಾಯಿ ಎಲ್ಲಿತ್ತು ತಂಗೀ? ಬಂಗಡೆ ತುಂಬಿತ್ತಾ?"

ಎಲ್ಲರೂ ನಕ್ಕರು. ನನ್ನ ಕಡೆಯವರೂ ನಕ್ಕರು. ನನ್ನ ಮುಖ ಸುಟ್ಟುಹೋಯಿತು. ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆ ಕಳ್ಳದಾರಿ ತುಳಿದು ತುಳಿದು ಅಗಲ ಮಾಡಿದವರಲ್ಲಿ ನಾನೂ ಒಬ್ಬಳು. ನನ್ನ ಮೇಲೆ ನನಗೆ ಬಂದ ಸಿಟ್ಟು ಅವರ ಮೇಲಿನದಕ್ಕಿಂತ ದೊಡ್ಡದಿತ್ತು. ಆದರೆ ಹೊಳೆಯ ದಕ್ಕೆಯಲ್ಲಿ ಮೀನು ಕೊಂಡು ಕಲಿತ ಪಾಠ ಒಂದಿದೆ: ಎದುರಿನವನು ತಕ್ಕಡಿಗೆ ಕಲ್ಲು ಹಾಕಿದರೆ ತೆಗೆಯಲು ಹೋಗಬೇಡಿ, ಅದೇ ತಕ್ಕಡಿಯಲ್ಲಿ ಅವನ ಮಾಲನ್ನೂ ತೂಗಿ.

"ಹೌದು ಮಾಸ್ತರ್ರೆ, ನಾನು ಬರ್ಲಿಲ್ಲ. ಬಾರದೇ ಸಹಿ ಹಾಕ್ದೆ. ಬರ್ಕಳಿ."

"ಹಾಂ, ನೀನೇ ಒಪ್ದೆ ಅಲ್ದಾ?"

"ಒಪ್ದೆ. ಹಂಗಾರೆ ಆ ಐದು ವರ್ಷ ಕೋರಂ ಆಗ್ಲಿಲ್ಲ. ಕೋರಂ ಇಲ್ದೆ ಆದ ಠರಾವು ಎಲ್ಲಾ ಹೋತು. ನಿಮ್ಮನ್ನ ಕಾರ್ಯದರ್ಶಿ ಮಾಡಿದ ಠರಾವು ಯಾವ ವರ್ಷದ್ದು ಮಾಸ್ತರ್ರೆ? ಆ ಹಾಳೆ ತೆಗೀರಿ, ನನ್ನ ಸಹಿ ಅಲ್ಲೂ ಉಂಟು."

ಮಾಸ್ತರರ ಎಂಜಲು ಬೆರಳು ಹಾಳೆಯ ಮೇಲೆ ನಿಂತಿತು. ಮೂಲೆಯಲ್ಲಿ ಕುಳಿತ ದರ್ಜಿ, "ಮಾಸ್ತರ್ರೇ ನಾಪಾಸಾ!" ಎಂದ. ಈ ಸಲ ಎಲ್ಲರೂ ನಕ್ಕದ್ದು ನನ್ನನ್ನು ನೋಡಿ ಅಲ್ಲ.

ಹಳೆಯದನ್ನು ಯಾರೂ ಕೆದಕಬಾರದು, ಬಾವಿಯ ಠರಾವನ್ನು ಹೊಸದಾಗಿ ಮತಕ್ಕೆ ಹಾಕಬೇಕು ಎಂದು ರಾಜಿಯಾಯಿತು. ನಾನು ಒಂದೇ ಷರತ್ತು ಹಾಕಿದೆ: ಅಂಗಡಿಯ ನಂಬರು ಕೂಗಬೇಕು, ಮಾಲೀಕ ಎದ್ದು ನಿಂತು ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲೆ ಸಹಿ. ಬಾವಿ ಮುಚ್ಚಲು ಐದು ಮತ, ಬೇಡವೆಂದು ಐದು. ಎಂಟು ಆಗಲಿಲ್ಲ. ಬಾವಿ ಉಳಿಯಿತು.

ಗೆದ್ದಳು ಎಂದು ಜನ ಹೇಳಿದರು. ಎಂತ ಗೆಲುವು? ಮುಚ್ಚಬೇಕೆಂದ ಐವರಲ್ಲಿ ನಾಲ್ವರು ಸಭೆಗೆ ಬರುವ ಮೊದಲು ಅದೇ ಬಾವಿಯ ನೀರಿನಲ್ಲಿ ಕಾಲು ತೊಳೆದವರು. ಅದನ್ನು ಮುಚ್ಚಿ ಎಂದು ನನ್ನ ಮುಖ ನೋಡಿಯೇ ಹೇಳಿದರು. ಸುಳ್ಳು ಸಹಿಯನ್ನಾದರೂ ಹರಿದು ಬಿಸಾಡಬಹುದು; ಅವರ ನಿಜವಾದ ಮತವನ್ನು ನಾನು ಎಂತ ಮಾಡಲಿ?

ಮಾರನೇ ದಿನ ಬೆಳಿಗ್ಗೆ ನಳ ಬರಲಿಲ್ಲ. ಮಾಸ್ತರರ ಮನೆಯ ಕೆಲಸದವಳು ಎರಡು ಕೊಡ ಹಿಡಿದು ಬಂದಳು. ನನ್ನನ್ನು ನೋಡಿ ಬಾವಿಯಿಂದ ದೂರವೇ ನಿಂತಳು.

"ತಗಂಡು ಹೋಗೆ," ಎಂದೆ. "ಒಂದನೇ ನಂಬರಿಗೂ ಈ ಬಾವಿಲಿ ಪಾಲುಂಟು."

ಹಗ್ಗ ಮಾತ್ರ ನಾನು ಎಳೆದುಕೊಡಲಿಲ್ಲ.