ಹೆಂಗಸರ ಪಾಳಿಯ ಸಮುದ್ರ

ನಮ್ಮ ಬೆಟಗೇರಿಯ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಹನ್ನೊಂದು ಸ್ಟೀಲಿನ ಕೊಡಗಳು ನಿಂತಿವೆ. ಒಂದೊಂದರ ಬಾಯಿಗೂ ತಾಟು ಮುಚ್ಚಿದೆ. ನಳದ ನೀರು ನಮ್ಮ ಓಣಿಗೆ ಪಾಳಿಯ ಪ್ರಕಾರ ಬರುತ್ತದೆ. ಪಾಳಿ ತಪ್ಪಿದರೆ ಮುಂದಿನ ಪಾಳಿಯವರೆಗೆ ಆ ಹನ್ನೊಂದು ಕೊಡಗಳೇ ನಮ್ಮ ಗಂಗೆ, ನಮ್ಮ ತುಂಗಭದ್ರೆ. ನಿಮ್ಮೂರಿನಲ್ಲಿ ದಿನವೂ ನೀರು ಬರುತ್ತಿದ್ದರೆ ನೀವು ಪುಣ್ಯವಂತರು, ನಗಬೇಡಿ. ನೀರನ್ನು ಹೀಗೆ ತಂಬಿಗೆಯ ಲೆಕ್ಕದಲ್ಲಿ ಕಂಡವಳು ಮೂರು ವರ್ಷ ಸಮುದ್ರದ ದಂಡೆಯ ಊರಿನಲ್ಲಿದ್ದೆ ಎಂದರೆ ನನಗೇ ಈಗ ನಂಬಿಕೆ ಬರುವುದಿಲ್ಲ.

ಲಕ್ಷ್ಮೇಶ್ವರದ ಒಂದು ದವಾಖಾನೆಯಲ್ಲಿ ನರ್ಸ್ ಆಗಿದ್ದವಳು ನಾನು. ಅಲ್ಲಿಂದ ಇಸ್ರೇಲಿಗೆ, ಹನ್ನಾಬಾಯಿ ಎಂಬ ಎಂಬತ್ತು ದಾಟಿದ ಯಹೂದಿ ಮುದುಕಿಯ ಆರೈಕೆಗೆ ಹೋದೆ. ಹನ್ನಾಬಾಯಿ ಹುಟ್ಟಿದ್ದು ಕೊಂಕಣದಲ್ಲಿ, ಮನೆಮಾತು ಮರಾಠಿ. ಆದರೆ ಅವರ ತಂದೆ ರೈಲ್ವೆ ನೌಕರ. ಆಕೆಯ ಬಾಲ್ಯವೆಲ್ಲ ಗದಗ ಸ್ಟೇಷನ್ನಿನ ಕ್ವಾರ್ಟರ್ಸಿನಲ್ಲಿ ಕಳೆದಿತ್ತು. ವಯಸ್ಸಾದಂತೆ ತಾಯಿಗೆ ಆ ಹಳೆಯ ಕನ್ನಡ ನಾಲಿಗೆಗೆ ಬರತೊಡಗಿತೆಂದೂ, ಅದನ್ನು ಕೇಳುವವರು ಮನೆಯಲ್ಲಿ ಯಾರೂ ಇಲ್ಲವೆಂದೂ ಮಗ ದಾವೀದ ಹುಡುಕಿ ಹುಡುಕಿ ನನ್ನನ್ನು ಕರೆಸಿದ್ದ. ನಾನು ಬಾಗಿಲಲ್ಲಿ ಕಾಲಿಟ್ಟಾಗ ಮುದುಕಿ ಗಾಲಿಕುರ್ಚಿಯಿಂದ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾರವ್ವಾ, ಕುಂಡ್ರು. ರೊಟ್ಟಿ ಬಡಿಯಾಕ ಬರತೈತೇನ?" ಎಂದಿದ್ದರು. ಅಷ್ಟು ದೂರ ವಿಮಾನದಲ್ಲಿ ಹಾರಿ ನಾನು ಗದಗಿಗೇ ಬಂದಿಳಿದಿದ್ದೆ!

ಇನ್ನು ಆ ಸಮುದ್ರದ ವಿಷಯ. ಧರ್ಮನಿಷ್ಠ ಯಹೂದಿಗಳಲ್ಲಿ ಹೆಂಗಸರು ಗಂಡಸರು ಕೂಡಿ ನೀರಿಗಿಳಿಯುವುದಿಲ್ಲ. ಅದಕ್ಕೆಂದೇ ದಂಡೆಯ ಒಂದು ತುಂಡಿಗೆ ಎತ್ತರದ ಗೋಡೆ ಕಟ್ಟಿ, ಅದನ್ನು ನೀರಿನೊಳಗೂ ಒಂದಷ್ಟು ದೂರ ಒಯ್ದಿದ್ದರು. ಒಂದು ದಿನ ಹೆಂಗಸರಿಗೆ, ಮರುದಿನ ಗಂಡಸರಿಗೆ, ಬಾಗಿಲಲ್ಲಿ ಫಲಕ. ಮೊದಲ ಸಲ ಕಂಡಾಗ ನನಗೆ ಸಿಟ್ಟೂ ಬಂತು, ನಗುವೂ ಬಂತು. ಅಯ್ಯೋ ಶಿವನೇ, ನಳಕ್ಕೆ ಪಾಳಿ ಹಚ್ಚುವುದು ನೀರು ಕಡಿಮೆ ಎಂದು. ಸಮುದ್ರಕ್ಕೂ ಪಾಳಿ ಹಚ್ಚಬೇಕೇ? ಹೆಂಗಸರಿಗೆ ಗೋಡೆ ಕಟ್ಟುವುದರಲ್ಲಿ ಎಲ್ಲ ದೇಶದವರೂ ಗಟ್ಟಿಗರೇ ಎಂದುಕೊಂಡೆ. ಆ ಗೋಡೆಯೊಳಗೆ ಒಬ್ಬನೇ ಒಬ್ಬ ಗಂಡಸಿರುತ್ತಿದ್ದ. ಅಟ್ಟಣಿಗೆಯ ಮೇಲೆ ಕುಳಿತು ಮೈಕಿನಲ್ಲಿ ಗದರಿಸುವ ಜೀವರಕ್ಷಕ. ಅವನನ್ನು ಯಾರೂ ಗಂಡಸೆಂದು ಎಣಿಸಿದಂತೆ ಕಾಣಲಿಲ್ಲ. ಅದೊಂದು ಮಾತ್ರ ನನಗೆ ತಕ್ಷಣ ಅರ್ಥವಾಯಿತು. ನಮ್ಮಲ್ಲಿ ಬಳೆಗಾರ ಮನೆಯ ಪಡಸಾಲೆಯಲ್ಲೇ ಕುಳಿತು ಸೊಸೆಯಂದಿರ ಕೈ ಹಿಡಿದು ಬಳೆ ಏರಿಸುವುದಿಲ್ಲವೇ, ಹಾಗೆ.

ಹನ್ನಾಬಾಯಿ ಐವತ್ತು ಬೇಸಿಗೆ ಆ ಗೋಡೆಯೊಳಗೆ ಈಜಿದವರು. ಸೊಂಟದ ಎಲುಬು ಮುರಿದ ಮೇಲೆ ಎರಡು ವರ್ಷ ಹೋಗಿರಲಿಲ್ಲ. ಮೂರನೆಯ ಬೇಸಿಗೆಗೆ ಹಟ ಹಿಡಿದರು. "ಒಮ್ಮೆ, ಒಂದಽ ಒಮ್ಮೆ ನೀರಿಗೆ ಇಳಸು. ಆಮ್ಯಾಲೆ ಏನೂ ಕೇಳೂದಿಲ್ಲ." ಊಟ ಬಿಟ್ಟರು, ಗುಳಿಗೆ ಉಗುಳಿದರು, ಮಗನ ಕೂಡ ಮಾತು ಬಿಟ್ಟರು. ಕಡೆಗೆ ದಾವೀದ ಸೋತ. ಆದರೆ ನನ್ನನ್ನು ಪಕ್ಕಕ್ಕೆ ಕರೆದು, ಒಂದೇ ಸಲ, ಅದೂ ನೀವು ಒಪ್ಪಿದರೆ, ಎಂದ. ಒಳಗೆ ಏನಾದರೂ ಆದರೆ ನಾನು ಬರುವಂತಿಲ್ಲ, ಇರುವವರು ನೀವೊಬ್ಬರೇ, ಎಂದ. ನಾನು ಹೂಂ ಎಂದೆ. ಆದರೆ ನನಗೆ ಈಜು ಬಾರದು. ನನ್ನ ತವರು ಡಂಬಳ. ಅಲ್ಲಿ ಅಷ್ಟು ದೊಡ್ಡ ಕೆರೆಯಿದ್ದರೂ ಅಣ್ಣಂದಿರು ಈಜುವಾಗ ಅವರ ಅಂಗಿ ಕಾಯುತ್ತ ದಂಡೆಯ ಮೇಲೆ ಕುಳಿತವಳು ನಾನು. ಮೊಣಕಾಲಿಗಿಂತ ಮೇಲೆ ನೀರು ಕಂಡಿರಲಿಲ್ಲ.

ಆ ಮಂಗಳವಾರ ಮುಂಜಾನೆ ದಾವೀದ ನಮ್ಮನ್ನು ಬಾಗಿಲಿಗೆ ಬಿಟ್ಟು, ಗೋಡೆಗೆ ಬೆನ್ನು ಮಾಡಿ ನಿಂತ. ಒಳಗೆ ಹೋಗಿ ಹತ್ತು ಹೆಜ್ಜೆ ಹಾಕಿಲ್ಲ, ಗಾಲಿಕುರ್ಚಿ ಉಸುಕಿನಲ್ಲಿ ಹೂತು ನಿಂತಿತು. ದೂಡಿದೆ, ಜಗ್ಗಿದೆ, ಹಿಂದು ಮುಂದು ಮಾಡಿದೆ. ಊಹೂಂ. ಸಮುದ್ರ ನೂರು ಮಾರು ದೂರದಲ್ಲಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ ಗಟ್ಟಿಮುಟ್ಟಾದ ಮಗನಿದ್ದ, ಆದರೆ ಅವನು ಒಳಗೆ ಬರುವಂತಿಲ್ಲ. ಹನ್ನಾಬಾಯಿ ನೀರನ್ನೇ ನೋಡುತ್ತಿದ್ದರು. ಆ ಮುಖ ನೋಡಲಾಗದೆ ನಾನು ಏನು ಮಾಡಿದೆ ಗೊತ್ತೇ? ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದೆ. ಹೊಳೆಯಾಗಲಿ ಕೆರೆಯಾಗಲಿ, ದೊಡ್ಡ ನೀರಿಗೆ ಮೊದಲು ಉಡಿ ತುಂಬದೆ, ಬಾಗಿನ ಬಿಡದೆ ಇಳಿಯಬಾರದೆಂದು ಚೀಲದಲ್ಲಿ ಕುಬಸ ಹೊಲಿಯುವ ಒಂದು ಕೆಂಪು ಖಣ, ತೆಂಗಿನಕಾಯಿ, ಅರಿಷಿಣ ಕುಂಕುಮ ಇಟ್ಟುಕೊಂಡು ಬಂದಿದ್ದೆ. ಓಡಿ ಹೋಗಿ ಖಣದಲ್ಲಿ ಎಲ್ಲ ಕಟ್ಟಿ, ಕಣ್ಣಿಗೊತ್ತಿಕೊಂಡು, "ತಾಯೀ, ಈ ಮುದುಕಿನ್ನ ನಿನ್ನ ತನಕಾ ಮುಟ್ಟಸು" ಎಂದು ಬೇಡಿಕೊಂಡು ನೀರಿಗೆ ಬಿಟ್ಟೆ.

ತೆರೆ ಅದನ್ನು ಒಯ್ದ ಹಾಗೆ ಮಾಡಿ ಮರಳಿ ತಂದು, ಕೂಸಿನ ಕೂಡ ಆಡುತ್ತಿದ್ದ ಒಬ್ಬ ತಾಯಿಯ ಕಾಲಬುಡಕ್ಕೆ ಒಗೆಯಿತು. ಆಕೆ ಕಿರುಚಿದಳು. ಕೆಂಪು ಗಂಟು, ನೀರಿನಲ್ಲಿ ಹರಡಿದ ಕುಂಕುಮ, ಏನೆಂದು ತಿಳಿದಳೋ! ಅಟ್ಟಣಿಗೆಯ ಮೇಲಿನ ನಮ್ಮ ಬಳೆಗಾರ, ಆ ಜೀವರಕ್ಷಕ, ಮೈಕಿನಲ್ಲಿ ಗುಡುಗಿದ. ಅತ್ತಲಿಂದ ಇತ್ತಲಿಂದ ಹೆಂಗಸರು ಬಂದು ಸುತ್ತುಗಟ್ಟಿದರು. ಇದೇನು, ನೀರಿಗೆ ಪೂಜೆಯೇ, ಇಲ್ಲಿಯೇ ಎಂದು ತಲೆಗೆ ವಸ್ತ್ರ ಕಟ್ಟಿದ ಹಿರಿಯಳೊಬ್ಬಳು ಮುಖ ಕೆಂಪಗೆ ಮಾಡಿಕೊಂಡು ಕೇಳಿದಳು. ಅವರ ಧರ್ಮದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ ಎಂಬುದು ನನಗೆ ಆಗ ನೆನಪಾಯಿತು.

ಉಸುಕಿನಲ್ಲಿ ಸಿಕ್ಕ ಕುರ್ಚಿಯಿಂದ ಹನ್ನಾಬಾಯಿಯ ದನಿ ಎದ್ದಿತು. ಹೀಬ್ರೂವಿನಲ್ಲಿ ಅವರಿಗೆಲ್ಲ ಏನು ಹೇಳಿದರೋ, ಅರ್ಧ ತಿಳಿಯಿತು: ಬೈಯುವುದಿದ್ದರೆ ನನಗೆ ಬೈಯಿರಿ, ಇವಳು ತನಗಾಗಿ ಬೇಡಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನಾವು ನೀರಿಗೆ ಕೈ ಮುಗಿಯೂದಿಲ್ಲವ್ವಾ, ಅದನ್ನ ಮಾಡಿದಾಂವಗ ಅಷ್ಟ. ಆ ಕಾಯಿ ಆರಿಸಿಕೊಂಡ ಬಾ, ಚಟ್ನಿಗೆ ಆಗತೈತಿ" ಎಂದರು.

ನಾನು ಅಳುತ್ತ ನಕ್ಕೆ. ಆ ಹಿರಿಯಳು ಮುದುಕಿಯನ್ನು ನೋಡಿದಳು, ಹೂತ ಗಾಲಿಗಳನ್ನು ನೋಡಿದಳು, ನೀರು ಎಷ್ಟು ದೂರವಿದೆ ನೋಡಿದಳು. ತೋಳು ಮೇಲೇರಿಸಿ ಮೂವರನ್ನು ಕರೆದಳು. ನಾಲ್ಕು ಜನ ಅಪರಿಚಿತ ಹೆಂಗಸರು, ಅವರಲ್ಲೊಬ್ಬಳು ಎತ್ತಲು ಬಂದ ತುಂಬಿದ ಬಸುರಿಯನ್ನು ಸರಿಸಿ ಆಕೆಯ ಜಾಗಕ್ಕೆ ನಿಂತವಳು, ಗಾಲಿಕುರ್ಚಿಯನ್ನು ಮುದುಕಿಯ ಸಮೇತ ಎತ್ತಿದರು. ನೋಡಿ, ಆ ಕಾಯಿ ತೇಲಿ ಹೋಗಿದ್ದರೆ ಯಾರೂ ನಮ್ಮ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ತಪ್ಪೇ ನನ್ನ ಪ್ರಾರ್ಥನೆಯನ್ನು ನಡೆಸಿಕೊಟ್ಟಿತು ಎಂದರೆ ಯಾವ ದೇವರಿಗೂ ಸಿಟ್ಟು ಬರಲಾರದು.

ಉದ್ದ ತೋಳಿನ ನಿಲುವಂಗಿಯಲ್ಲೇ ಹನ್ನಾಬಾಯಿಯನ್ನು ನೀರಿಗಿಳಿಸಿದೆವು. ನಾನು ಸೀರೆಯ ಕಚ್ಚೆ ಹಾಕಿ, ಅವರ ಕೈ ಬಿಗಿ ಹಿಡಿದು ಮೊಣಕಾಲು, ತೊಡೆ, ಸೊಂಟದವರೆಗೆ ಹೋದೆ. ಅವರು ತಲೆವಸ್ತ್ರ ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಎರಡು ವರ್ಷ ಆ ತಲೆಗೆ ಎಣ್ಣೆ ಹಚ್ಚಿದವಳು ನಾನು. ಆದರೂ ಬಯಲಿನಲ್ಲಿ, ಗಾಳಿಗೆ ಆ ಬೆಳ್ಳಿಯ ಕೂದಲು ಹಾರಿದ್ದನ್ನು ಕಂಡದ್ದು ಅಂದೇ. ಸುತ್ತಲೂ ನೋಡಿದೆ. ಯಾರೂ ಸೆರಗು ಎಳೆದುಕೊಳ್ಳುತ್ತಿರಲಿಲ್ಲ, ಯಾರೂ ಅತ್ತಿತ್ತ ನೋಡಿ ಮೈ ಮುದುಡುತ್ತಿರಲಿಲ್ಲ. ಅಜ್ಜಿಯರು ಹುಡುಗಿಯರ ಹಾಗೆ ಒಬ್ಬರಿಗೊಬ್ಬರು ನೀರು ಎರಚುತ್ತಿದ್ದರು. ಗೋಡೆಯ ಮೇಲಿನ ನನ್ನ ಸಿಟ್ಟು ಪೂರಾ ಇಳಿಯಿತೆಂದು ಹೇಳಲಾರೆ. ಗೋಡೆಯಿಲ್ಲದೆಯೂ ಹೀಗಿರಲು ಬರುವ ದಿನ ಬರಲಿ ಎಂಬ ಆಸೆ ನನಗೆ ಇವತ್ತಿಗೂ ಇದೆ. ಆದರೆ ಆ ಮುಂಜಾನೆ ಅದರೊಳಗೆ ನನಗೆ ಸಿಕ್ಕದ್ದಕ್ಕೆ ನಾನು ಋಣಿ.

ಸೊಂಟದ ಮಟ್ಟದ ನೀರಿನಲ್ಲಿ ಮುದುಕಿ ನಿಂತು, "ಕೈ ಬಿಡು ಶಾಂತಾ" ಎಂದರು. ಬಿಡಲಿಲ್ಲ. ಹಿಡಿದ ಕೈ ಬಿಡದಿರುವುದೇ ನನ್ನ ಉದ್ಯೋಗ. ಮತ್ತೆ ಅಂದರು, ಈ ಸಲ ನಗುತ್ತ: "ಕೈ ಬಿಡು ಶಾಂತಾ, ನಾ ಎಲ್ಲೂ ಹೋಗೂದಿಲ್ಲ." ಬಿಟ್ಟೆ. ಅವರು ಹಿಂದಕ್ಕೆ ಒರಗಿದರು. ನೆಲದ ಮೇಲೆ ಎರಡು ಹೆಜ್ಜೆಗೆ ನರಳುವ ದೇಹ ನೀರಿನ ಮೇಲೆ ಹಗುರಾಗಿ ಮಲಗಿತು. ಕಣ್ಣು ಮುಚ್ಚಿ ಬಾಯ್ತುಂಬ ನಗುತ್ತಿದ್ದರು. ಅವರ ಹಿಂದೆ ಹಿಂದೆ ಹೆಜ್ಜೆಯಿಡುತ್ತ ನಾನೂ ಎದೆಮಟ್ಟದ ನೀರಿಗೆ ಬಂದಿದ್ದೇನೆಂಬುದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಮರುವರ್ಷ ನಾನು ಊರಿಗೆ ಬಂದೆ. ಹೋದ ಚಳಿಗಾಲ ಹನ್ನಾಬಾಯಿ ತೀರಿಕೊಂಡರು. ಏಳು ದಿನ ನೆಲದ ಮೇಲೆ ಕುಳಿತು ಶೋಕ ಆಚರಿಸಿ ಎದ್ದ ಮೇಲೆ ದಾವೀದ ಫೋನ್ ಮಾಡಿದ. ನಾನಾಗ ಶಿರಹಟ್ಟಿಯಲ್ಲಿ ಚೊಚ್ಚಲ ಬಸುರಿಯಾದ ಅಕ್ಕನ ಮಗಳ ಕುಬಸದ ಕಾರ್ಯದಲ್ಲಿದ್ದೆ. ಒಳಗೆ ಹಾಡು ಹಸೆ, ಹೆಂಗಸರ ಗದ್ದಲ. ಕಟ್ಟೆಯ ಮೇಲೆ ಕುಳಿತ ಗಂಡಸರನ್ನು ದಾಟಿ ಬೇವಿನ ಮರದ ಬುಡಕ್ಕೆ ಬಂದೆ. ನನ್ನ ಹರಕು ಹೀಬ್ರೂವಿನಲ್ಲಿ ಸಮಾಧಾನದ ಮಾತು ಹೇಳಿದೆ. ಆಮೇಲೆ ಅವನು ಕೇಳಿದ: ಚಿಕ್ಕವನಿದ್ದಾಗಿನಿಂದ ಪ್ರತಿ ಬೇಸಿಗೆ ಆ ಗೋಡೆಯ ಹೊರಗೆ ಟವೆಲ್ ಹಿಡಿದು ನಿಂತಿದ್ದೇನೆ, ತಾಯಿ ಈಜಿದ್ದನ್ನು ಒಮ್ಮೆಯೂ ಕಂಡಿಲ್ಲ. ನೀರಿನಲ್ಲಿ ಅವಳು ಹೇಗೆ ಕಾಣುತ್ತಿದ್ದಳು?

ಹೇಳಿದೆ. ಗಾಳಿಗೆ ಹಾರಿದ ಕೂದಲು, ಮುಚ್ಚಿದ ಕಣ್ಣು, ಬಾಯ್ತುಂಬ ನಗು, ಎಲ್ಲ ಹೇಳಿದೆ. ಏನಾದರೂ ಅಂದಳೇ ಎಂದು ಕೇಳಿದ. ಅಂದರು, ಆದರೆ ಕನ್ನಡದಲ್ಲಿ, ಎಂದೆ. ಅವನಿಗೆ ಕನ್ನಡದ ಒಂದು ಅಕ್ಷರವೂ ತಿಳಿಯದು. ಅವಳು ಅಂದ ಹಾಗೆಯೇ ಹೇಳಿ, ಎಂದ.

"ಕೈ ಬಿಡು ಶಾಂತಾ, ನಾ ಎಲ್ಲೂ ಹೋಗೂದಿಲ್ಲ."

ಅವನು ಅರ್ಥ ಕೇಳಲಿಲ್ಲ. ಇನ್ನೊಮ್ಮೆ ಹೇಳಿ, ಎಂದ. ಹೇಳಿದೆ.